ನಾವು ಹುಟ್ಟಿಸಿದ ಶೇವಂತಾಬಾಯಿ

ಬೆಳಿಗ್ಗೆಯಿಂದ ವಿಶಾಖಾಳಿಗೆ ತನ್ನ ಮೈಯೇ ತನಗೆ ಅಡ್ಡಿಯಾಗಿತ್ತು. ಭಾಲ್ಕಿಯ ಆ ಕಾಲೇಜಿನ ಸಭಾಂಗಣದ ಕುರ್ಚಿ ಮೆತ್ತಗೇ ಇತ್ತು, ತಲೆಯ ಮೇಲೆ ಫ್ಯಾನೂ ತಿರುಗುತ್ತಿತ್ತು. ಆದರೂ ಕೂತಲ್ಲಿ ಕೂರಲಾಗದೆ ಆಕೆ ಕಾಲು ಬದಲಿಸುತ್ತಿದ್ದಳು, ಕೊರಳಿಗೆ ಹಾಕಿದ ಗುರುತಿನ ಚೀಟಿಯನ್ನು ತಿರುಗಿಸಿ ಹೆಸರಿದ್ದ ಬದಿಯನ್ನು ಎದೆಗೆ ಒತ್ತಿಕೊಳ್ಳುತ್ತಿದ್ದಳು. ಮೇಜುಗಳ ಮೇಲೆ ಸೀಲು ಮಾಡಿದ ನೀರಿನ ಬಾಟಲಿಗಳು ಸಾಲಾಗಿ ನಿಂತಿದ್ದವು. ಮುಖ ತೊಳೆಯಲು ಹೊರಗೆ ಹೋದರೆ ನಲ್ಲಿಯಲ್ಲಿ ನೀರಿರಲಿಲ್ಲ. ಬಕೀಟು ಕಾಯುತ್ತ ನಿಂತಿದ್ದ ಸಿಪಾಯಿ, "ಕೈ ಅಷ್ಟ ತೊಳ್ಕೋರಿ, ಮಾರಿ ಬ್ಯಾಡ್ರಿ" ಎಂದಿದ್ದ. ಮಳೆ ಕೈಕೊಟ್ಟು ಇದು ಎರಡನೇ ವರ್ಷ. ಒಳಗೆ ಬಂದವಳು ಬಾಟಲಿಯ ನೀರನ್ನೇ ಕರವಸ್ತ್ರಕ್ಕೆ ಹನಿಸಿ ಮುಖ ಒರೆಸಿಕೊಂಡಳು, ಯಾರಾದರೂ ಕಂಡರೇನೋ ಎಂದು ಸುತ್ತ ನೋಡಿದಳು. ಯಾರಿಗೂ ಆಕೆಯ ಕಡೆ ನೋಡುವ ಪುರುಸೊತ್ತಿರಲಿಲ್ಲ. ವೇದಿಕೆಯ ಮೇಲೆ ಬೇರೆ ಊರಿನ ಹುಡುಗರ ತಂಡವೊಂದು ಕೊಳವೆಬಾವಿಯ ಆಳವನ್ನು ಫೋನಿನಲ್ಲೇ ತೋರಿಸುವ ವಿದ್ಯೆಯ ಬಗ್ಗೆ ಇಂಗ್ಲಿಷಿನಲ್ಲಿ ಭಾಷಣ ಮಾಡುತ್ತಿತ್ತು. ಅವರ ಹಿಂದೆ ಕಟ್ಟಿದ್ದ ಬ್ಯಾನರಿನಲ್ಲಿ 'ಸಮಾಜದ ಸಮಸ್ಯೆಗೆ ವಿದ್ಯಾರ್ಥಿಗಳ ಸಾಫ್ಟ್‌ವೇರ್' ಎಂದು ಬರೆದಿತ್ತು. ಇಲ್ಲಿ ಗೆದ್ದವರಿಗೆ ಬೆಂಗಳೂರಿನ ಕೊನೆಯ ಸುತ್ತು, ಅಲ್ಲಿ ಗೆದ್ದವರಿಗೆ ನೌಕರಿ ಎಂದು ಎಲ್ಲರೂ ಮಾತಾಡಿಕೊಳ್ಳುತ್ತಿದ್ದರು.

ಮುಂದಿನ ಸರದಿ ಅವರದೇ. ಬೀದರಿನ ಇಂಜಿನಿಯರಿಂಗ್ ಕಾಲೇಜಿನ ಮೂವರ ತಂಡ: ವಿಶಾಖಾ, ನಲಿನಿ, ಅಯ್ಯುಬ. ಅವರ ಮೇಲೆ ಗುರುನಾಥ ಸರ್. ಅವರ ಆ್ಯಪಿನ ಕೆಲಸ ಹೇಳುವುದಕ್ಕೆ ಸುಲಭವಾಗಿತ್ತು. ಔರಾದ ಕಡೆಯ ಹಳ್ಳಿಗಳಿಂದ ಕೂಲಿಗೆಂದು ಪುಣೆ, ಮುಂಬೈ, ಹೈದರಾಬಾದ್ ಕಡೆ ಲಾರಿ ಹತ್ತುವವರು ಹೊರಡುವ ಮುಂಚೆ ಒಂದು ನಂಬರಿಗೆ ಮಿಸ್ಡ್ ಕಾಲ್ ಕೊಟ್ಟು, ತಿರುಗಿ ಬಂದ ಕರೆಗೆ ಊರಿನ ಹೆಸರು, ಕರೆದೊಯ್ಯುವ ಮುಕಾದಮನ, ಅಂದರೆ ಕೂಲಿ ಮೇಸ್ತ್ರಿಯ ಹೆಸರು ಹೇಳಿದರೆ ಸಾಕು. ಆಮೇಲೆ ಏನಾದರೂ ಆದರೆ ಹುಡುಕುವುದಕ್ಕೆ ಒಂದು ಜಾಡು ಉಳಿಯುತ್ತದೆ. ವಿಚಾರ ಮೊದಲು ಹೊಳೆದದ್ದು ವಿಶಾಖಾಳಿಗೇ. ಸಂತಪುರದ ಅವರ ಓಣಿಯಿಂದ ಹೋದ ಗಂಡ ಹೆಂಡಿರು ಎಲ್ಲಿದ್ದಾರೆಂದು ತಿಳಿಯದೆ ಮನೆಯವರು ಹಬ್ಬದ ದಿನವೂ ಬಸ್‌ಸ್ಟ್ಯಾಂಡಿನಲ್ಲಿ ಕೂತಿರುತ್ತಿದ್ದುದನ್ನು ಆಕೆ ಕಂಡಿದ್ದಳು. ಆದರೆ ಅದು ತನ್ನ ಓಣಿಯ ಮಾತು ಎಂದು ತಂಡದಲ್ಲಿ ಹೇಳಿರಲಿಲ್ಲ. ಪೇಪರಿನಲ್ಲಿ ಓದಿದೆ ಎಂದಿದ್ದಳು.

ವಿಚಾರ ಇದ್ದರೆ ಸಾಲದು, ಒಂದು ಪರ್ಸೊನಾ ಬೇಕು ಎಂದಿದ್ದರು ಗುರುನಾಥ ಸರ್. ಸಾಫ್ಟ್‌ವೇರಿನವರ ಪದ್ಧತಿ ಅದು. ಯಾರಿಗಾಗಿ ಮಾಡುತ್ತೇವೋ ಆ ಸಾವಿರಾರು ಜನರ ಬದಲಿಗೆ ಒಬ್ಬ ಕಲ್ಪನೆಯ ಮನುಷ್ಯನನ್ನು ಹುಟ್ಟಿಸಿ, ಅವನಿಗೆ ಹೆಸರು, ವಯಸ್ಸು, ಮುಖ, ಕಷ್ಟ ಎಲ್ಲ ಕೊಟ್ಟು ಪರದೆಯ ಮೇಲೆ ನಿಲ್ಲಿಸಬೇಕು. ಬೀದರಿನ ಲ್ಯಾಬಿನಲ್ಲಿ ಅವರು ಹಾಗೆ ಹುಟ್ಟಿಸಿದವಳು ಶೇವಂತಾಬಾಯಿ. ಹೆಸರು ನಲಿನಿಯದು, ಮಾತು ಬರೆಯುವ ಕೆಲಸ ವಿಶಾಖಾಳಿಗೆ ಬಂತು. "ನಿಮ್ಮ ಕಡಿ ಮಂದೀನೇ ಅಲ್ಲಾ, ನೀನೇ ಬರಿ" ಎಂದಿದ್ದಳು ನಲಿನಿ. ಆಕೆ ಕೆಟ್ಟ ಮನಸ್ಸಿನಿಂದ ಅಂದದ್ದಲ್ಲ. ನಲಿನಿಯ ತಂದೆ ವಕೀಲರು, ಮನೆ ತುಂಬ ಪುಸ್ತಕ, ಮಾತಿನಲ್ಲಿ ಮುಳ್ಳಿರಲಿಲ್ಲ. ಆದರೂ 'ನಿಮ್ಮ ಕಡಿ' ಎಂಬುದು ವಿಶಾಖಾಳ ಕಿವಿಯಲ್ಲಿ ಸುಮಾರು ದಿನ ಇತ್ತು. ಆ ಸಿಟ್ಟಿನಲ್ಲೋ ಏನೋ, ಶೇವಂತಾಬಾಯಿಯನ್ನು ತನ್ನವರು ಯಾರೂ ಅಲ್ಲದಂತೆ ಬರೆಯಬೇಕು ಎಂದು ಆಕೆ ಹಟ ಹಿಡಿದಳು. ತನ್ನ ಅವ್ವ ಕೇಶರಬಾಯಿ ಏನೇನೋ ಅದೊಂದೂ ಅಲ್ಲದವಳನ್ನು ಮಾಡಿದಳು. ಅವ್ವ ಏಳನೇ ತರಗತಿ ಓದಿದವಳು, ಬುದ್ಧವಿಹಾರದಲ್ಲಿ ಹುಣ್ಣಿಮೆಗೆ ಹೆಂಗಸರಿಗೆಲ್ಲ ಪುಸ್ತಕ ಓದಿ ಹೇಳುವವಳು, ರೇಷನ್ ಅಂಗಡಿಯವನ ತೂಕದ ಮುಂದೆ ಸೊಂಟಕ್ಕೆ ಕೈಯಿಟ್ಟು ನಿಲ್ಲುವವಳು. ಶೇವಂತಾಬಾಯಿಯೋ: ನನಗೆ ಓದಲು ಬರೆಯಲು ಬರುವುದಿಲ್ಲ. ನನ್ನ ಹಕ್ಕು ಏನೆಂದು ನನಗೆ ತಿಳಿಯದು. ನನ್ನ ಪರವಾಗಿ ಮಾತಾಡುವವರು ಯಾರೂ ಇಲ್ಲ. ಗುರುನಾಥ ಸರ್ ಓದಿ, "ಭೇಷ್! ಹಿಂಗ ಪಾಪ ಅನ್ನಸಬೇಕು ನೋಡು. ಪಾಪ ಅನ್ನಿಸ್ಲಿಲ್ಲಂದ್ರ ಜಜ್ ತಲಿ ಎತ್ತಂಗಿಲ್ಲ" ಎಂದು ಬೆನ್ನು ತಟ್ಟಿದರು. ಬರೆದದ್ದಕ್ಕೆ ಯಾರಾದರೂ ಹೊಗಳಿದ್ದು ಆಕೆಗೆ ಅದೇ ಮೊದಲು, ಆ ದಿನವಿಡೀ ಖುಷಿಯಾಗಿದ್ದಳು.

ಮುಖದ್ದೇ ತಂಟೆಯಾಗಿತ್ತು. ಇಂಟರ್‌ನೆಟ್ಟಿನಲ್ಲಿ ಸಿಕ್ಕಿದ ಹೆಂಗಸಿನ ಫೋಟೋವನ್ನು ಸರ್ ನಿನ್ನೆ ಕಡೇ ಗಳಿಗೆಯಲ್ಲಿ ಬೇಡವೆಂದರು. ಮೊಳಕೈ ತನಕ ಬಿಳಿ ಬಳೆ ಹಾಕಿದ ಆಕೆ ರಾಜಸ್ಥಾನದವಳೆಂದು ಯಾರಿಗಾದರೂ ಗೊತ್ತಾಗುತ್ತದೆ, ಮಾನ ಹೋಗುತ್ತದೆ ಎಂದರು. ಆಗ ಅಯ್ಯುಬ, "ನನ್ನ ಹತ್ರ ಫೋಟೋ ಅವರಿ ಸರ್, ಕಮಲನಗರದ್ದು. ನಾ ಹಾಕ್ತೇನಿ" ಎಂದ. ಆ್ಯಪನ್ನು ಜನರ ಕೈಗೆ ಕೊಟ್ಟು ನೋಡಲು ಅವನು, ನಲಿನಿ ಹೋದ ತಿಂಗಳು ಔರಾದ, ಕಮಲನಗರದ ಲಾರಿ ನಿಲ್ಲುವ ಜಾಗಗಳಿಗೆ ಹೋಗಿದ್ದರು. ವಿಶಾಖಾ ಹೋಗಲಿಲ್ಲ. ಜ್ವರ ಎಂದು ಹಾಸ್ಟೆಲಿನಲ್ಲಿ ಚಾದರ ಹೊದ್ದು ಮಲಗಿದ್ದಳು. ಔರಾದಿನ ಬಸ್‌ಸ್ಟ್ಯಾಂಡಿನಲ್ಲಿ ಸಂತಪುರದವರು ಯಾರಾದರೂ ಸಿಕ್ಕು, ಎಲ್ಲರೆದುರಿಗೆ "ಕಾಶೀರಾಮನ ಮಗಳಲ್ಲೇನ ನೀ" ಎಂದು ಗದ್ದ ಹಿಡಿದರೆ ಏನು ಮಾಡುವುದು ಎಂಬ ಹೆದರಿಕೆ ಆಕೆಗೆ. ಅಪ್ಪ ಕಾಶೀರಾಮ ತೀರಿಹೋಗಿ ವರ್ಷಗಳಾಗಿದ್ದರೂ ಊರವರು ಆಕೆಯನ್ನು ಇನ್ನೂ ಹಾಗೇ ಕರೆಯುತ್ತಿದ್ದರು. ಅವ್ವ ಎದುರಾಗುವ ಭಯವಂತೂ ಇರಲಿಲ್ಲ. ಅವ್ವ ಉದಗೀರಿನಲ್ಲಿದ್ದಳು, ಜಿಜಾಬಾಯಿ ಚಿಕ್ಕಮ್ಮನ ಮಗಳ ಬಾಣಂತನಕ್ಕೆ. ಬಾಣಂತನ ಉದ್ದವಾಯಿತು ಅನ್ನಿಸಿತ್ತು ನಿಜ. ಫೋನು ಹಚ್ಚಿದರೆ ಕೂಸಿನ ಅಳು ಕೇಳುತ್ತಿರಲಿಲ್ಲ, ಗಾಳಿಯ ಸದ್ದು ಕೇಳುತ್ತಿತ್ತು. ಹಾಸ್ಟೆಲಿನ ದುಡ್ಡು ಮಾತ್ರ ತಪ್ಪದೆ ಬರುತ್ತಿತ್ತು. ಬರದ ವರ್ಷದಲ್ಲಿ, ಬಾಣಂತನದ ಮನೆಯಲ್ಲಿ ಕೂತವಳಿಗೆ ದುಡ್ಡು ಎಲ್ಲಿಂದ ಬಂತು ಎಂದು ವಿಶಾಖಾ ಕೇಳಿರಲಿಲ್ಲ. ಕೇಳಿದರೆ ಉತ್ತರ ಬರುತ್ತಿತ್ತಲ್ಲ, ಅದಕ್ಕೆ ಕೇಳಿರಲಿಲ್ಲ.

ಅವರ ತಂಡದ ಹೆಸರು ಕೂಗಿದರು. ಮೆಟ್ಟಿಲು ಹತ್ತುವಾಗ ನಲಿನಿ ಆಕೆಯ ಕೈ ಹಿಚುಕಿ, "ಹೆದರಬ್ಯಾಡ, ನಂದು ಆದಮ್ಯಾಲ ನಿಂದು" ಎಂದಳು. ನಲಿನಿಯ ಇಂಗ್ಲಿಷು ನೀರು ಹರಿದಂತೆ ಹರಿಯಿತು. ಮುಂದಿನ ಸಾಲಿನಲ್ಲಿ ಬೆಂಗಳೂರಿನ ಕಂಪನಿಯಿಂದ ಬಂದ ತೀರ್ಪುಗಾರ್ತಿ, ಕತ್ತರಿಸಿದ ನರೆಗೂದಲಿನ ಹೆಂಗಸು, ಗಲ್ಲಕ್ಕೆ ಪೆನ್ನು ಹಚ್ಚಿ ಕೇಳುತ್ತಿದ್ದಳು. ಆಮೇಲೆ ನಲಿನಿ ಬದಿಗೆ ಸರಿದು, "ಈಗ ಶೇವಂತಾಬಾಯಿಯನ್ನು ಭೇಟಿಯಾಗೋಣ" ಎಂದಳು. ಅಯ್ಯುಬ ಗುಂಡಿ ಒತ್ತಿದ. ಹೊಸ ಫೋಟೋವನ್ನು ಇನ್ನೂ ನೋಡಿರದ ವಿಶಾಖಾ ಪರದೆಯ ಕಡೆ ತಿರುಗಿದಳು.

ಛಲೋ ಫೋಟೋ, ಎಂದು ಮೊದಲು ಅನ್ನಿಸಿತು. ಲಾರಿಯ ಹಿಂಬದಿಯಲ್ಲಿ ಗಂಟುಮೂಟೆಗಳ ನಡುವೆ ಕೂತ ಹೆಂಗಸು, ತಲೆಯ ಮೇಲೆ ಸೆರಗು, ಬಿಸಿಲಿಗೆ ಹಿಡಿದಂತೆ ಒಂದು ಕೈ ಮೇಲೆತ್ತಿದ್ದಾಳೆ, ಬಾಯಿ ಸ್ವಲ್ಪ ತೆರೆದಿದೆ. ಮೈಯಲ್ಲಿ ಕಸುವಿಲ್ಲ. ಪಾಪ, ಅನ್ನಿಸಿತು. ಸರ್ ಹೇಳಿದ ಹಾಗೇ ಪಾಪ ಅನ್ನಿಸಿತು, ಅಯ್ಯುಬ ಸರಿಯಾದದ್ದನ್ನೇ ಆರಿಸಿದ್ದಾನೆ ಎಂದು ಸಮಾಧಾನವೂ ಆಯಿತು. ಎತ್ತಿದ ಕೈಯ ಮಣಿಕಟ್ಟಿನ ಹಚ್ಚೆಯ ಮೇಲೆ ಕಣ್ಣು ಬಿತ್ತು. ಆ ಹಚ್ಚೆಯ ಮೇಲೆ ಬೆರಳಾಡಿಸುತ್ತ ತಾನು ನಿದ್ದೆಹೋಗುತ್ತಿದ್ದುದು ಯಾವ ಕಾಲದಲ್ಲಿ? ಆ ಮೂಗು, ಆ ತುಟಿಯ ಮೂಲೆ, ಮದುವೆಗೆ ಉಡುವ ಹಸಿರು ಸೀರೆ ಮಾಸಿ ಬೂದಿಯಾದದ್ದು. ಅದು ಅವ್ವ. ಉದಗೀರು, ಬಾಣಂತನ, ಫೋನಿನಲ್ಲಿಯ ಗಾಳಿ, ಎಲ್ಲ ಒಮ್ಮೆಗೇ ಅರ್ಥವಾಯಿತು, ಆದರೆ ಆಕೆಯನ್ನು ಕಂಗೆಡಿಸಿದ್ದು ಅದಲ್ಲ. ಹೆತ್ತ ಅವ್ವನನ್ನು ಒಂದು ಗಳಿಗೆ ತಾನು ಯಾರೋ ಎಂದು ನೋಡಿದ್ದಳು. ಯಾರೋ ಎಂದು ನೋಡಿ ಪಾಪ ಅಂದಿದ್ದಳು. ಸಭೆ ಸುಮ್ಮನೆ ಕಾಯುತ್ತಿತ್ತು. ನಲಿನಿ ಕೆಮ್ಮಿದಳು. ಫೋಟೋದ ಪಕ್ಕದಲ್ಲಿ ದೊಡ್ಡ ಅಕ್ಷರದಲ್ಲಿ ತಾನೇ ಬರೆದ ಸಾಲುಗಳಿದ್ದವು, ಓದಬೇಕಾದವಳೂ ತಾನೇ. ನಾಲಿಗೆ ತನ್ನ ಪಾಡಿಗೆ ಶುರುಮಾಡಿಬಿಟ್ಟಿತು.

"ನನ್ನ ಹೆಸರು ಶೇವಂತಾಬಾಯಿ. ನನಗೆ ಓದಲು ಬರೆಯಲು ಬರುವುದಿಲ್ಲ. ನನ್ನ ಹಕ್ಕು..."

ಅಲ್ಲಿಗೆ ನಿಂತಳು. ನಾಲ್ಕು ಮಂದಿಯ ಎದುರಿಗೆ ಯಾರಾದರೂ ತಪ್ಪು ಲೆಕ್ಕ ಹೇಳಿದರೆ ತಡೆಯಲಾಗದೆ ಬಾಯಿ ಹಾಕುತ್ತೇವಲ್ಲ, ಅಂಥದ್ದೇ ಒಂದು ತುರ್ತು ಬಂತು. ಅದು ಧೈರ್ಯವಲ್ಲ, ಆಮೇಲೆ ಎಲ್ಲರೂ ಧೈರ್ಯ ಎಂದರೂ.

"ಆಕಿಗೆ ಓದಲಿಕ್ಕ ಬರ್ತದ್ರಿ" ಎಂದಳು ಮೈಕಿನಲ್ಲಿ.

ಹಿಂದಿನ ಸಾಲಿನಲ್ಲಿ ಯಾರೋ ನಕ್ಕರು. ತೀರ್ಪುಗಾರ್ತಿ ಪೆನ್ನು ಕೆಳಗಿಟ್ಟು, "ಅರ್ಥ ಆಗಲಿಲ್ಲ. ಇಲ್ಲಿ ಬರುವುದಿಲ್ಲ ಅಂತ ಬರೆದಿದೆಯಲ್ಲ?" ಎಂದಳು.

"ಅದು ತಪ್ಪರಿ. ನಾನೇ ತಪ್ಪು ಬರ್ದೇನಿ. ಏಳನೆತ್ತೆ ತನಕ ಓದ್ಯಾಳ್ರಿ ಆಕಿ. ಮಂದಿಗಿ ಓದಿ ಹೇಳ್ತಾಳ."

"ನಿಮಗೆ ಹೇಗೆ ಗೊತ್ತು?"

"ಆಕಿ ನಮ್ಮವ್ವ ಇದ್ದಾಳ್ರಿ."

ನಲಿನಿಯ ಕೈ ಬಾಯಿಗೆ ಹೋಯಿತು. ಅಯ್ಯುಬ ಲ್ಯಾಪ್‌ಟಾಪಿನ ಹಿಂದೆ ನಿಂತಲ್ಲೇ ಬಿಳಿಚಿಕೊಂಡ. ಮುಂದಿನ ಸಾಲಿನಲ್ಲಿ ತೀರ್ಪುಗಾರ್ತಿ ಎದ್ದು ನಿಂತಳು, ಎರಡೂ ಕೈ ಎತ್ತಿ ಚಪ್ಪಾಳೆ ತಟ್ಟಿದಳು. ಆಕೆಯ ಹಿಂದೆ ಇಡೀ ಸಭಾಂಗಣ ಎದ್ದಿತು. ಚಪ್ಪಾಳೆ ಎಷ್ಟು ಹೊತ್ತಾದರೂ ನಿಲ್ಲಲಿಲ್ಲ. ಯಾರೋ ಶಿಳ್ಳೆ ಹಾಕಿದರು. ವಿಶಾಖಾ ಪರದೆಗೆ ಬೆನ್ನು ಮಾಡಿ, ಅಷ್ಟು ಮಂದಿ ತನ್ನನ್ನೇ ನೋಡುತ್ತಿರುವುದನ್ನು ನೋಡಿದಳು, ಒಳಗೆ ಎಲ್ಲೋ ಹಾಯೆನಿಸಿತು. ಸಾಲೆಯಲ್ಲಿ ಪ್ರತ್ಯೇಕ ಕೂರುತ್ತಿದ್ದುದು, ಹಾಸ್ಟೆಲಿನ ಹುಡುಗಿಯರು ಹಬ್ಬಕ್ಕೆ ಮನೆಗೆ ಕರೆಯುವಾಗ ತನ್ನ ಹತ್ತಿರ ಬಂದು ಮಾತು ಬದಲಿಸುತ್ತಿದ್ದುದು, ಎಲ್ಲವನ್ನೂ ಈ ಸದ್ದು ತೊಳೆದುಹಾಕುತ್ತಿದೆ ಅನ್ನಿಸಿತು. ಗೆದ್ದೆವು ಎಂದು ಗೊತ್ತಾಯಿತು. ಗೊತ್ತಾದ ಕೂಡಲೇ ಪರದೆಯ ಕಡೆ ತಿರುಗಿ ನೋಡಲಾಗದೆ ವೇದಿಕೆಯ ಪಕ್ಕದ ಮೆಟ್ಟಿಲಿನಿಂದ ಇಳಿದಳು.

ಗುರುನಾಥ ಸರ್ ಪಡಸಾಲೆಯಲ್ಲೇ ಹಿಡಿದರು. ಅವರ ಕಣ್ಣು ತುಂಬಿತ್ತು, ಅದೂ ಸುಳ್ಳಲ್ಲ. "ಏನ ಹುಡುಗಿ ನೀ! ಮೊದಲ ಯಾಕ ಹೇಳ್ಲಿಲ್ಲ? ಬೆಂಗಳೂರಾಗ ಇಲ್ಲಿಂದನೇ ಸುರು ಮಾಡೋಣ. ಮೊದಲ ಫೋಟೋ, ಆಮ್ಯಾಲ ನೀ, ಆಮ್ಯಾಲ ಆ್ಯಪ್. ಆ ಮೇಡಂ ಏನಂದ್ರು ಗೊತ್ತದೇನು? ತಾಯಿನೂ ಕರಕೊಂಡು ಬರ್ರಿ ಅಂದ್ರು. ಸ್ಟೇಜಿನ ಮ್ಯಾಲ ತಾಯಿ ಮಗಳು ಬರೋಬ್ಬರ್ ನಿಂತ್ರಂದ್ರ ಮುಗೀತು, ನಮ್ಮ ಮುಂದ ಯಾರ ನಿಂದರ್ತಾರ? ಈಗಲೇ ಫೋನ್ ಮಾಡಿ ಕೇಳು." ಅವರು ಹಾಗೆಂದು ಒಳಗೆ ಓಡಿದರು, ಫಲಿತಾಂಶ ಕೂಗುವುದು ಬಾಕಿಯಿತ್ತು. ಅವರ ಹಿಂದಿನಿಂದ ಬಂದ ಅಯ್ಯುಬ ಮಾತ್ರ ಹೋಗಲಿಲ್ಲ. ಗೋಡೆಗೆ ಒರಗಿ ನಿಂತು ಬೂಟಿನ ತುದಿ ನೋಡುತ್ತಿದ್ದ.

"ನಂಗ ಗೊತ್ತಿದ್ದಿಲ್ಲ ವಿಶಾಖಾ. ಖುದಾ ಕಸಮ್, ಗೊತ್ತಿದ್ದಿಲ್ಲ."

"ನಿಂಗ ಹ್ಯಾಂಗ ಗೊತ್ತಾಗಬೇಕು" ಎಂದಳು ಆಕೆ.

"ಅಲ್ಲ, ಕೇಳು. ಆಕಿ ಕೈ ಎತ್ತ್ಯಾಳ ನೋಡು, ಅದು ಬಿಸಲಿಗಿ ಅಲ್ಲ. ಫೋಟೋ ಬ್ಯಾಡ ಅಂತ. ನನ್ನ ಮಗಳು ಬೀದರದಾಗ ಓದ್ತಾಳ, ಆಕಿ ಕಣ್ಣಿಗಿ ಬಿದ್ದೀತು, ಬ್ಯಾಡಪ್ಪ ಅಂದಳು. ಆಯ್ತು ಅಂತ ಫೋನ್ ಇಳಸ್ದೆ. ಆದ್ರ ತಗದಾಗಿತ್ತು. ಆ ಮಗಳು ನೀನೇ ಅದೀ ಅಂತ ನಂಗೇನು ಗೊತ್ತು? ಬೀದರದಾಗ ಎಷ್ಟ ಮಂದಿ ಮಕ್ಕಳು ಓದ್ತಾರ." ಅವನು ಜೇಬಿನಿಂದ ಫೋನ್ ತೆಗೆದ. "ಹೋಗ್ಲಿ, ಆ ಫೋಟೋ ನಾ ತಗದ ಹಾಕ್ತೇನಿ."

ಆಕೆ ಕಾಲೇಜಿನ ಹಿಂಬದಿಗೆ ನಡೆದಳು. ಅಲ್ಲಿ ಒಣಗಿದ ಕಾರಂಜಿಯ ಕಟ್ಟೆ ಇತ್ತು, ಅದರೊಳಗೆ ಚಹಾದ ಕಾಗದದ ಕಪ್ಪುಗಳು ಬಿದ್ದಿದ್ದವು. ಹೀಗೆ ಬ್ಯಾಡ ಎಂದ ಕೈಯನ್ನೇ ಅಷ್ಟು ಮಂದಿ ಎದ್ದು ನಿಂತು ನೋಡಿದರು. ತಾನೂ ನೋಡಿದಳು. ಸಿಟ್ಟು ಯಾರ ಮೇಲೆ ಮಾಡಬೇಕೋ ತಿಳಿಯಲಿಲ್ಲ. ಅಯ್ಯುಬನ ಮೇಲೆ ಮಾಡಲಾಗಲಿಲ್ಲ, ಸರ್ ಮೇಲೆ ಮಾಡಲಾಗಲಿಲ್ಲ, ಕೊನೆಗೆ ಅವ್ವನ ಮೇಲೇ ಬಂತು. ಯಾಕೆ ಸುಳ್ಳು ಹೇಳಬೇಕಿತ್ತು ಆಕೆ? ಹೇಳಿದ್ದರೆ ತಾನು ಬೇಡ ಅನ್ನುತ್ತಿದ್ದೆ. ಅನ್ನುತ್ತಿದ್ದೆನೇ? ಕಟ್ಟೆಯ ಮೇಲೆ ಕೂತು ನಂಬರು ಒತ್ತಿದಳು.

ಬಹಳ ಹೊತ್ತು ರಿಂಗಾಗಿ ಅವ್ವ ಎತ್ತಿದಳು. ಹಿಂದೆ ಯಾವುದೋ ಯಂತ್ರ ಗಡಗಡ ತಿರುಗುತ್ತಿತ್ತು. "ಹಾಂ, ವಿಶಾಖಾ. ಏನವ್ವ ಈ ಹೊತ್ತಿನಾಗ? ಆರಾಮಿದ್ದಿಲ್ಲೋ?"

"ಎಲ್ಲಿದ್ದೀ ಅವ್ವಾ?"

"ಇಲ್ಲೇ, ನಿಮ್ಮ ಚಿಕ್ಕವ್ವನ ಮನ್ಯಾಗ. ಬಾಜೂಕ ಮನಿ ಕಟ್ಟಲತ್ತಾರ, ಅದರದು ಸಪ್ಪಳ. ಕೂಸು ಈಗ ಮಲಗ್ಯದ."

"ಅವ್ವಾ, ನಾ ನೋಡ್ದೆ. ಲಾರಿ ಮ್ಯಾಲ ಕುಂತಿದ್ದಿ."

ಯಂತ್ರದ ಸದ್ದು ದೂರವಾಯಿತು, ಅವ್ವ ಬದಿಗೆ ಎಲ್ಲೋ ಸರಿದಿರಬೇಕು. "ಯಾರ ತೋರ್ಸಿದ್ರು?" ಎಂದಳು, ಸಣ್ಣ ದನಿಯಲ್ಲಿ.

"ನಮ್ಮ ತಂಡದ ಹುಡುಗ ತಗದಿದ್ದ. ಇವತ್ತ ಇಲ್ಲಿ ಭಾಲ್ಕಿದಾಗ ದೊಡ್ಡ ಪರದೆ ಮ್ಯಾಲ ಹಾಕಿದ್ರು. ಎಲ್ಲಾರೂ ನೋಡಿದ್ರು."

"ನೋಡಿ ಏನಂದ್ರು?"

"ಚಪ್ಪಾಳಿ ಹೊಡದ್ರು."

"ಚಪ್ಪಾಳಿ? ಯಾಕ?"

ಈ ಪ್ರಶ್ನೆ ಬರುತ್ತದೆಂದು ಆಕೆ ಎಣಿಸಿರಲಿಲ್ಲ. "ನಾ ನಿನ್ನ ಮಗಳ ಇದ್ದೀನಿ ಅಂತ ಹೇಳ್ದೆ. ಅದಕ್ಕ."

"ಅದಕ್ಕಾ?" ಕೇಶರಬಾಯಿಯ ದನಿಯಲ್ಲಿ ಸಿಟ್ಟಿರಲಿಲ್ಲ, ಅಳುವಿರಲಿಲ್ಲ, ಬರೀ ಆಶ್ಚರ್ಯ. "ನನ್ನ ಮಗಳ ಇರೋದು ಅಷ್ಟ ದೊಡ್ಡ ಮಾತೇನವ್ವ ಅಲ್ಲಿ?"

ವಿಶಾಖಾಳ ಕಣ್ಣಲ್ಲಿ ನೀರು ಬಂತು. ನಾಚಿಕೆಯಿಂದ ಬಂದ ನೀರು, ಒರೆಸಿದಷ್ಟೂ ಬರುತ್ತಿತ್ತು. ಅವ್ವನಿಗೆ ಹೌದು ಅನ್ನುವುದು ಹೇಗೆ, ಅಲ್ಲ ಅನ್ನುವುದು ಹೇಗೆ? ಅಷ್ಟರಲ್ಲಿ ಒಳಗಿನಿಂದ ಮೈಕಿನಲ್ಲಿ ಅವರ ತಂಡದ ಹೆಸರು ಕೇಳಿಸಿತು, ಮತ್ತೆ ಅದೇ ಚಪ್ಪಾಳೆ. ಗುರುನಾಥ ಸರ್ ಬಾಗಿಲಿಗೆ ಬಂದು, ದೂರದಿಂದಲೇ ಕೈ ಬೀಸಿ, "ಫಸ್ಟ್! ಏನಂತಾರ ತಾಯಿಯವರು? ಬರ್ತಾರೇನು?" ಎಂದು ಕೂಗಿದರು.

"ಬರಂಗಿಲ್ರಿ" ಎಂದು ಕೂಗಿದಳು ವಿಶಾಖಾ, ಫೋನನ್ನು ಕಿವಿಯಿಂದ ತೆಗೆಯದೆ. "ನಾನೂ ಬರಂಗಿಲ್ಲ. ನನ್ನ ಹೆಸರು ತಗೀರಿ."

ಸರ್ ಆಕೆ ಚೇಷ್ಟೆ ಮಾಡುತ್ತಿದ್ದಾಳೆಂದು ತಿಳಿದು ನಕ್ಕು, ಬೇಗ ಬಾ ಎಂದು ಸನ್ನೆ ಮಾಡಿ ಒಳಗೆ ಹೋದರು. ಹಾಗೆ ಅಂದದ್ದರಿಂದ ಆಕೆಗೆ ಮನಸ್ಸು ಹಗುರವೆನಿಸಿತು. ಒಂದಾದರೂ ಸರಿಯಾದ ಕೆಲಸ ಮಾಡಿದೆ ಅನ್ನಿಸಿತು. ಫೋನಿನಲ್ಲಿ ಅವ್ವ ಕೇಳಿದಳು:

"ಯಾರಿಗಿ ಅಂದಿ ಅದು? ಎಲ್ಲಿಗಿ ಬರಂಗಿಲ್ಲ?"

"ನಮ್ಮ ಸರ್‌ಗೆ. ಬೆಂಗಳೂರಿಗಿ ಹೋಗೋದದಂತ, ಕಡೀ ಸುತ್ತಿಗಿ. ಅಲ್ಲಿ ಗೆದ್ದ್ರ ನೌಕರಿ ಕೊಡ್ತಾರಂತ. ನಿನ್ನೂ ಕರಕೊಂಡು ಬಾ ಅಂತಾರ. ನಾ ಒಲ್ಲೆ ಅಂದೆ ಅವ್ವಾ."

"ನಾ ಬಂದು ಏನ ಮಾಡಬೇಕಂತ?"

"ಏನಿಲ್ಲ. ಸ್ಟೇಜಿನ ಮ್ಯಾಲ ನಿಂದರಬೇಕು. ಮಂದಿ ನೋಡ್ತಾರ. ಅದಕ್ಕೇ ಬ್ಯಾಡ ಅಂದೆ."

"ಬರೇ ನಿಂದರೋದಾ?"

"ಹೂಂ."

"ಹುಚ್ಚಿ" ಎಂದಳು ಕೇಶರಬಾಯಿ. ಈಗ ಸಿಟ್ಟು ಬಂದಿತ್ತು, ರೇಷನ್ ಅಂಗಡಿಯ ಮುಂದಿನ ಆ ದನಿ. "ನೌಕರಿ ಕೊಡ್ತಾರ ಅಂತಿ, ಒಲ್ಲೆ ಅಂತಿ. ಯಾರ ಸಲುವಾಗಿ ಒಲ್ಲೆ? ನನ್ನ ಸಲುವಾಗಿ? ನಾ ಇಲ್ಲಿ ದಿನಾ ಇಟ್ಟಂಗಿ ಹೊತ್ತು ಹತ್ತಿ ಇಳದು ಮಾಡ್ಲತ್ತೀನಿ, ಬರೇ ನಿಂದರಲಿಕ್ಕ ನಂಗೇನು ದಾಡಿ? ಹೋಗಿ ಹೇಳು, ಬರ್ತಾಳ ಅಂತ. ಈಗ ಹೋಗು."

"ಅವ್ವಾ, ಅವರು ನಿನ್ನ ನೋಡಿ ಪಾಪ ಅಂತಾರ..."

"ಅನ್ನಲಿ. ಅವರ ಬಾಯಿ." ದೂರದಲ್ಲಿ ಯಾರೋ ಮರಾಠಿಯಲ್ಲಿ ಕೇಶರಬಾಯಿಯ ಹೆಸರು ಹಿಡಿದು ಕೂಗಿದರು. "ಆಲೆ, ಆಲೆ!" ಎಂದು ಅವ್ವ ಅತ್ತ ಬಂದೆನೆಂಬ ಉತ್ತರ ಕೊಟ್ಟು, ಇತ್ತ ಅವಸರದಲ್ಲಿ ಹೇಳಿದಳು, "ಮುಕಾದಮ ಕರೀಲತ್ತಾನ. ಅವಗ ಇವತ್ತೇ ಹೇಳಿಟ್ರ ರಜಾ ಕೊಡ್ತಾನ, ಕಡೀ ಗಳಿಗಿಗಿ ಹೇಳಿದ್ರ ಕೊಡಂಗಿಲ್ಲ. ಯಾವ ತಾರೀಕಿಗಿ ಬಂದು ನಿಂದರಬೇಕು, ಅದೊಂದು ಹೇಳವ್ವ ಲಗು."